ರೋಮಿನ ಗಣರಾಜ್ಯವು ಬಾಳಿದ ಬಗೆ, ಅಳಿದ ಬಗೆ

ಒಂದು ರಾಜ್ಯವು ಹಾಳಾಯಿತೆಂದೊಡನೆಯೇ ಅದನ್ನು ಹಾಳುಮಾಡಿದವನಾರೆಂದು ಕೇಳುವುದು ಲೋಕದ ರೂಢಿಯಾಗಿದೆ. ರೋಮಿನ ಗಣರಾಜ್ಯದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇರುವುದು. ಜೂಲಿಯಸ್ ಸೀಸರನ ಅಧಿಕಾರದಾಹವು ಅದನ್ನು ನುಂಗಿತೆಂದು ಕೆಲವರೂ, ಸೀಸರನನ್ನು ಕೊಂದವರ ಅವಿವೇಕವು ಅದನ್ನು ಕೆಡಿಸಿತೆಂದು ಮತ್ತೆ ಕೆಲವರೂ ಹೇಳುವರು. ಈ ಎರಡು ಉತ್ತರಗಳೂ ನಮಗೆ ಸಮ್ಮತವಾಗಿಲ್ಲ. ಸೀಸರನು ಜನಿಸಿದುದು ಕ್ರಿ. ಪೂ. 100 ರಲ್ಲಿ. ಅದಕ್ಕೆ 33 ವರ್ಷಗಳ ಮುಂಚೆಯೇ ಆ ಗಣರಾಜ್ಯಕ್ಕೆ ಮರ್ಮಸ್ಥಾನದಲ್ಲಿ ಪೆಟ್ಟು ಬಿದ್ದಿತ್ತು. ಹೊಡೆದ ಕೈಗಳು ರಾಜ್ಯದ ರಕ್ಷಕರೆಂದು ಹೆಮ್ಮೆಪಡುತ್ತಿದ್ದ ಹಿರಿಯರ ಸಭೆಯ ಸದಸ್ಯರವೇ ಆಗಿದ್ದುವು.

ರೋಮಿನ ಚರಿತ್ರೆಯಲ್ಲಿ ಬಡವರ ಮೊರೆಯು ಎರಡು ಸಲ ಎದ್ದಿತು. ಎರಡು ಸಲವೂ ಅದರ ಹುರುಳು ಒಂದೇ: ಸಾಲ, ಭೂಮಿ ಮತ್ತು ರಾಜ್ಯದಲ್ಲಿ ಪಾಲು. ಮೊದಲನೆಯ ಸಲ ದೊಡ್ಡವರು ಗೊಣಗುತ್ತಲಾದರೂ ಬಾಗಿದರು, ರಾಜ್ಯವು ಬೆಳೆಯಿತು. ಎರಡನೆಯ ಸಲ ಅವರು ಬಾಗದೆ ದೊಣ್ಣೆಯನ್ನು ಕೈಗೆತ್ತಿಕೊಂಡರು, ರಾಜ್ಯವು ಮುರಿಯಿತು. ಈ ಎರಡು ಕಥೆಗಳನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಬೇಕೆಂಬುದೇ ನಮ್ಮ ಇಂದಿನ ಉದ್ದೇಶ.

ರೋಮನರು ತಮ್ಮ ಕಡೆಯ ಅರಸನಾದ ಟಾರ್ಕ್ವಿನನನ್ನು ಹೊರದೂಡಿದುದು ಕ್ರಿ. ಪೂ. 509 ರಲ್ಲಿ ಎಂದು ಸಂಪ್ರದಾಯವು ಹೇಳುತ್ತದೆ. ಈ ಆದಿಕಾಲದ ವೃತ್ತಾಂತವನ್ನು ನಮಗೆ ವಿಸ್ತಾರವಾಗಿ ತಿಳಿಸುವ ಲಿವಿಯೆಂಬ ಇತಿಹಾಸಕಾರನು ಸುಮಾರು 500 ವರ್ಷಗಳ ತರುವಾಯ ಬರೆದವನಾದುದರಿಂದ ಅವನ ಮಾತಿನಲ್ಲಿ ಐತಿಹ್ಯವೂ ಇತಿಹಾಸವೂ ಬೆರೆತಿವೆ. ಆದರೂ ರಾಜ್ಯವ್ಯವಸ್ಥೆಯ ರೂಪವು ಸ್ಪಷ್ಟವಾಗಿದೆ. ಒಬ್ಬ ಅರಸನ ಸ್ಥಾನದಲ್ಲಿ ಇಬ್ಬರು ಕಾನ್ಸಲರು. ಅವರ ಅಧಿಕಾರವು ಒಂದೇ ವರ್ಷ. ಒಬ್ಬನು ಮಾಡಹೊರಟುದನ್ನು ಇನ್ನೊಬ್ಬನು ತಡೆಯಬಹುದು. ವಿಪತ್ಕಾಲದಲ್ಲಿ ಒಬ್ಬ ಸರ್ವಾಧಿಕಾರಿಯನ್ನು ನೇಮಿಸಬಹುದು. ಆದರೆ ಅವನ ಅವಧಿಯು ಆರು ತಿಂಗಳನ್ನು ಮೀರಕೂಡದು. ಇವರಿಗೆಲ್ಲ ಆಲೋಚನೆ ಹೇಳಲು ಸೆನೆಟ್ ಎಂಬ ಹಿರಿಯರ ಸಭೆ. ಅಧಿಕಾರಿಗಳನ್ನು ಆರಿಸಲು ಪೌರರ ಸಭೆಗಳು. ಯಾವನಿಗೂ ಅಧಿಕಾರವು ಒಂಟಿಯಾಗಿ ದೊರೆಯಬಾರದು, ಬಹುಕಾಲ ಉಳಿಯಬಾರದು ಎಂಬುದೇ ಈ ಏರ್ಪಾಟಿನ ಜೀವಾಳವಾಗಿದ್ದಿತು.

ಇದನ್ನು ಕಂಡು ರೋಮು ಆದಿಯಲ್ಲಿಯೇ ಪ್ರಜಾಪ್ರಭುತ್ವವಾಗಿದ್ದಿತೆಂದು ವಾಚಕರು ಭಾವಿಸಬಾರದು. ಅರಸನು ಹೋದನು; ಅಧಿಕಾರವು ಪೆಟ್ರೀಶಿಯನರೆಂಬ ಕೆಲವು ಕುಲೀನ ಮನೆತನಗಳ ಕೈಸೇರಿತು. ಮಿಕ್ಕವರೆಲ್ಲರೂ ಪ್ಲೀಬಿಯನರು, ಎಂದರೆ ಸಾಮಾನ್ಯರು. ಕಾನ್ಸಲರನ್ನು ಆರಿಸುವ ಸಭೆಯಲ್ಲಿ ಒಟ್ಟು 193 ಗುಂಪುಗಳಿದ್ದುವು. ಪ್ರತಿಯೊಂದು ಗುಂಪಿಗೂ ಒಂದು ಮತ. ಇವುಗಳಲ್ಲಿ ಕುದುರೆಸವಾರರ 18 ಮತ್ತು ಅತಿ ಧನವಂತರ 80 ಕೂಡಿದರೆ 98 ಆಗಿ, ಬಹುಮತವು ಸಿದ್ಧವಾಗುತ್ತಿದ್ದಿತು. ಏನೂ ಇಲ್ಲದ ಬಡವರೆಲ್ಲರನ್ನೂ ಒಂದೇ ಗುಂಪಿಗೆ ತುಂಬಿದ್ದರು. ಸ್ತ್ರೀಯರಿಗೂ ಗುಲಾಮರಿಗೂ ಮತವೇ ಇರಲಿಲ್ಲ. ಸಾಮಾನ್ಯನು ಬೇಸಾಯವನ್ನು ಬಿಟ್ಟು ಯುದ್ಧಕ್ಕೆ ಹೋಗಬೇಕು; ಹಿಂದಿರುಗಿ ಬರುವಷ್ಟರಲ್ಲಿ ಹೊಲವು ಬೀಳುಬಿದ್ದಿರುವುದು; ಹೊಟ್ಟೆಗಾಗಿ ಸಾಲಮಾಡಬೇಕು; ಸಾಲವನ್ನು ತೀರಿಸಲಾರದೆ ಹೋದರೆ ಸಾಲಿಗನ ಮನೆಯಲ್ಲಿ ಸಂಕೋಲೆ ತೊಟ್ಟು ಜೀತಮಾಡಬೇಕು. ರಣರಂಗದಲ್ಲಿ ಸ್ವತಂತ್ರನು, ಮನೆಗೆ ಬಂದರೆ ಬಂದಿ!

ಕ್ರಿ. ಪೂ. 494 ರಲ್ಲಿ ಈ ಸಾಮಾನ್ಯರು ಮಾಡಿದ ಕಾರ್ಯವು ಲೋಕದ ಚರಿತ್ರೆಯಲ್ಲಿ ಅಪೂರ್ವವಾದುದು. ಅವರು ಯಾರ ಮನೆಯನ್ನೂ ಸುಡಲಿಲ್ಲ. ಯಾರ ಮೇಲೂ ಕೈಮಾಡಲಿಲ್ಲ. ಆಯುಧಪಾಣಿಗಳಾಗಿದ್ದ ಅವರು ಊರನ್ನು ಬಿಟ್ಟು ಹೊರಟು, ಸುಮಾರು ಮೂರು ಮೈಲಿ ದೂರದ ಪವಿತ್ರಗಿರಿಯೆಂಬ ಗುಡ್ಡದ ಮೇಲೆ ಬಿಡಾರ ಮಾಡಿ ಸುಮ್ಮನೆ ಕುಳಿತರು. ನಿಮ್ಮ ರಾಜ್ಯವನ್ನು ನೀವೇ ಕಾಯ್ದುಕೊಳ್ಳಿರಿ ಎಂಬುದೇ ಇದರ ಅರ್ಥ. ಸೆನೆಟ್ಟಿನವರು ಮೆನೀನಿಯಸ್ ಅಗ್ರಿಪ್ಪನೆಂಬ ಹಿರಿಯನನ್ನು ಸಂಧಾನಕ್ಕೆ ಕಳುಹಿಸಿದರು. ಕೈಕಾಲುಗಳು ಹೊಟ್ಟೆಯ ಮೇಲೆ ಮುನಿದು ದುಡಿಮೆಯನ್ನು ನಿಲ್ಲಿಸಿ ಕಡೆಗೆ ತಾವೇ ಸೊರಗಿದ ಕಥೆಯನ್ನು ಅವನು ಹೇಳಿದನಂತೆ. ಕಥೆಯು ಸೊಗಸಾಗಿದೆ, ಆದರೆ ಸಾಮಾನ್ಯರು ಕಥೆಗೆ ಮರುಳಾಗಿ ಮರಳಲಿಲ್ಲ. ತಮ್ಮವರೇ ಆದ ಟ್ರಿಬ್ಯೂನರೆಂಬ ಜನರಕ್ಷಕರನ್ನು ಪಡೆದ ಮೇಲೆಯೇ ಅವರು ಹಿಂದಿರುಗಿದುದು. ಟ್ರಿಬ್ಯೂನನ ಶರೀರವು ಪವಿತ್ರವೆಂದೂ, ಅವನನ್ನು ಮುಟ್ಟಿದವನು ದೇವದ್ರೋಹಿಯೆಂದೂ ಜನರು ಆಣೆಯಿಟ್ಟರು. ಕಾನ್ಸಲನ ಆಜ್ಞೆಯನ್ನು ಕೂಡ 'ತಡೆದಿದ್ದೇನೆ' ಎಂಬ ಒಂದೇ ಮಾತಿನಿಂದ ಅವನು ತಡೆಯಬಲ್ಲವನಾಗಿದ್ದನು. ನೊಂದವರು ಯಾವ ಹೊತ್ತಿಗೆ ಬಂದರೂ ಒಳಗೆ ಬರಲಾಗುವಂತೆ ಅವನ ಮನೆಯ ಬಾಗಿಲು ಹಗಲಿರುಳೂ ತೆರೆದಿರಬೇಕಾಗಿದ್ದಿತು.

ಇಲ್ಲಿಂದ ಮುಂದಕ್ಕೆ 200 ವರ್ಷಗಳವರೆಗೆ ಸಾಮಾನ್ಯರು ಮೆಟ್ಟಲು ಮೆಟ್ಟಲಾಗಿ ಏರಿದರು. ನ್ಯಾಯವು ಕುಲೀನರ ನಾಲಗೆಯ ಮೇಲೆ ಇರಬಾರದು, ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿರಬೇಕು ಎಂಬ ಹಟದಿಂದ ಕ್ರಿ. ಪೂ. 451-450 ರಲ್ಲಿ ಹನ್ನೆರಡು ಫಲಕಗಳ ಶಾಸನವು ಹುಟ್ಟಿತು. 445 ರಲ್ಲಿ ಎರಡು ವರ್ಗಗಳಿಗೂ ಪರಸ್ಪರ ವಿವಾಹಸಂಬಂಧವು ನ್ಯಾಯಸಮ್ಮತವಾಯಿತು. 367 ರಲ್ಲಿ ಲಿಸಿನಿಯಸ್, ಸೆಕ್ಸ್‌ಟಿಯಸ್ ಎಂಬ ಇಬ್ಬರು ಟ್ರಿಬ್ಯೂನರು ಬಹು ವರ್ಷಗಳ ಹೋರಾಟದ ತರುವಾಯ, ಕಾನ್ಸಲರಲ್ಲಿ ಒಬ್ಬನು ಸಾಮಾನ್ಯರವನಾಗಿರಬಹುದೆಂಬ ಕಾನೂನನ್ನು ಮಾಡಿಸಿದರು. ಸಾರ್ವಜನಿಕ ಭೂಮಿಯಲ್ಲಿ ಯಾವನೂ 500 ಯೂಗೆರ, ಎಂದರೆ ಸುಮಾರು 310 ಎಕರೆಗಿಂತ ಹೆಚ್ಚು ಹಿಡಿದಿರಕೂಡದೆಂಬ ಮಿತಿಯೂ ಆಗಲೇ ಬಂದಿತೆಂದು ಲಿವಿಯು ಹೇಳುತ್ತಾನೆ. ಅವನ ಪ್ರಕಾರ 326 ರಲ್ಲಿ ಸಾಲಕ್ಕಾಗಿ ಮನುಷ್ಯನನ್ನು ಸೆರೆಯಿಡುವ ಪದ್ಧತಿಯು ನಿಂತಿತು. 287 ರಲ್ಲಿ ಸಾಮಾನ್ಯರ ಸಭೆಯ ನಿರ್ಣಯವು ಕುಲೀನರನ್ನೂ ಕಟ್ಟುವ ಕಾನೂನೆಂದು ಅಂಗೀಕೃತವಾಯಿತು.

ಕುಲೀನರು ಇದನ್ನೆಲ್ಲ ಔದಾರ್ಯದಿಂದ ಕೊಟ್ಟರೆಂದು ನಾವು ಹೇಳುವುದಿಲ್ಲ. ಪ್ರತಿಯೊಂದು ಹಕ್ಕನ್ನೂ ಅವರು ತಡೆದರು, ಮುಂದೂಡಿದರು, ಶಕುನ ಸರಿಯಿಲ್ಲವೆಂದು ನೆಪ ಹೇಳಿದರು. ಆದರೆ ಹಗ್ಗವು ಹರಿಯುವ ಹೊತ್ತು ಬಂದಿತೆಂದು ಕಂಡಾಗ ಅವರು ಕೈಸಡಿಲಿಸಿದರು. ತಮ್ಮ ವರ್ಗದ ಮೇಲ್ಮೆಗಿಂತ ಊರು ದೊಡ್ಡದೆಂಬ ತಿಳಿವಳಿಕೆಯು ಅವರಲ್ಲಿ ಅಷ್ಟರಮಟ್ಟಿಗೆ ಇದ್ದಿತು. ಅದೇ ಅವರನ್ನೂ ಊರನ್ನೂ ಉಳಿಸಿತು.

ಇದರ ಫಲವು ಕ್ರಿ. ಪೂ. 216 ರಲ್ಲಿ ಕಂಡುಬಂದಿತು. ಕಾರ್ಥೇಜಿನ ಹ್ಯಾನಿಬಾಲನು ಕ್ಯಾನಿಯ ಬಯಲಿನಲ್ಲಿ ಒಂದೇ ದಿವಸದಲ್ಲಿ, ಲಿವಿಯ ಲೆಕ್ಕದಂತೆ 48,000 ಕ್ಕೆ ಮೇಲ್ಪಟ್ಟ ಸೈನಿಕರನ್ನು ಕೊಂದುಹಾಕಿದನು. ಆ ದಿನ ಸೈನ್ಯವನ್ನು ನಡೆಸಿದ ಕಾನ್ಸಲನು ಸಾಮಾನ್ಯರ ಪಕ್ಷದ ಟೆರೆಂಟಿಯಸ್ ವ್ಯಾರೋ ಎಂಬವನು. ಬೇರೆ ಯಾವ ದೇಶದಲ್ಲಾದರೂ ಇಂತಹ ಸೇನಾನಿಯ ತಲೆಯು ಹಾರುತ್ತಿದ್ದಿತು. ಆದರೆ ಅಳಿದುಳಿದವರೊಡನೆ ಅವನು ಊರಿಗೆ ಬಂದಾಗ ಎಲ್ಲ ವರ್ಗದವರೂ ಎದುರುಗೊಂಡುಹೋದರು. ಗಣರಾಜ್ಯದ ಮೇಲಿನ ಭರವಸೆಯನ್ನು ಬಿಡದಿದ್ದುದಕ್ಕಾಗಿ ಅವನಿಗೆ ವಂದನೆಯನ್ನು ಅರ್ಪಿಸಿದರು. ಒಳಗೆ ಒಂದಾಗಿದ್ದ ಆ ಜನರನ್ನು ಹ್ಯಾನಿಬಾಲನಂತಹ ರಣಧೀರನೂ ಗೆಲ್ಲಲಾರದೆ ಹೋದನು.

ಹೊರಗಿನ ಸೋಲು ಮಾಡಲಾರದುದನ್ನು ಹೊರಗಿನ ಗೆಲುವು ಮಾಡಿತು. ಕ್ರಿ. ಪೂ. 167 ರಲ್ಲಿ ಮ್ಯಾಸಿಡೋನಿಯದ ಕೊಳ್ಳೆಯು ಎಷ್ಟು ಹೇರಳವಾಗಿ ಬಂದಿತೆಂದರೆ ಆ ಬಳಿಕ ಪೌರರು ಯುದ್ಧದ ತೆರಿಗೆಯನ್ನು ಕೊಡುವ ಅವಶ್ಯಕತೆಯೇ ಇಲ್ಲವಾಯಿತು. ಅದೇ ವರ್ಷ ಎಪೈರಸ್ ದೇಶದ 70 ಊರುಗಳನ್ನು ಸೂರೆಮಾಡಿ 1,50,000 ಜನರನ್ನು ಗುಲಾಮರಾಗಿ ಮಾರಿದರು. 146 ರಲ್ಲಿ ಕಾರ್ಥೇಜ್, ಕಾರಿಂತ್ ಎಂಬೆರಡು ಪುರಾತನ ಪಟ್ಟಣಗಳು ನೆಲಸಮವಾದುವು. ಧನವಂತರು ಸಾರ್ವಜನಿಕ ಭೂಮಿಯನ್ನು ಸಾವಿರಾರು ಎಕರೆಗಳಂತೆ ಆಕ್ರಮಿಸಿಕೊಂಡು ಗುಲಾಮರಿಂದ ಸಾಗುಮಾಡಿಸತೊಡಗಿದರು. 500 ಯೂಗೆರದ ಮಿತಿಯು ಶಾಸನದಲ್ಲಿ ಇದ್ದಿತು, ನಡತೆಯಲ್ಲಿ ಇರಲಿಲ್ಲ. ಸ್ಪೇನಿನಲ್ಲಿ ವರ್ಷಗಟ್ಟಲೆ ಕಾದಾಡಿ ಬಂದ ಬೇಸಾಯಗಾರನು ತನ್ನ ತುಂಡು ಹೊಲವನ್ನು ಕಳೆದುಕೊಂಡು ರೋಮಿನ ಬೀದಿಗಳಲ್ಲಿ ಅಲೆಯುವವನಾದನು. ಸಣ್ಣ ಹಿಡುವಳಿಗಳು ಎಲ್ಲ ಕಡೆಯಲ್ಲಿಯೂ ಅಳಿಯಲಿಲ್ಲವೆಂದು ಇತ್ತೀಚಿನ ಭೂಶೋಧನೆಗಳು ತೋರಿಸಿರುವುದು ನಿಜವೇ. ಆದರೆ ಭೂಮಿಯ ಹಸಿವು ಸುಳ್ಳಾಗಿರಲಿಲ್ಲವೆಂಬುದಕ್ಕೆ ಮುಂದಿನ ನೂರು ವರ್ಷಗಳ ಕಥೆಯೇ ಸಾಕ್ಷಿಯಾಗಿದೆ.

ಹೀಗೆ ಬಡವರ ಮೊರೆಯು ಎರಡನೆಯ ಸಲ ಎದ್ದಿತು. ಕ್ರಿ. ಪೂ. 133 ರಲ್ಲಿ ಟ್ರಿಬ್ಯೂನನಾದ ಟೈಬೀರಿಯಸ್ ಗ್ರಾಕಸನು ಮಹಾ ಕುಲೀನ ಮನೆತನದವನು. ಹ್ಯಾನಿಬಾಲನನ್ನು ಗೆದ್ದ ಸಿಪಿಯೋವಿನ ಮಗಳ ಮಗನು. ಅವನು ತಂದ ಮಸೂದೆಯಲ್ಲಿ ಹೊಸದೇನೂ ಇರಲಿಲ್ಲ. ಹಳೆಯ ಮಿತಿಯನ್ನು ಆಚರಣೆಗೆ ತರಬೇಕು, ಮಿತಿಮೀರಿ ಹಿಡಿದ ಸಾರ್ವಜನಿಕ ಭೂಮಿಯನ್ನು ಹಿಂದಕ್ಕೆ ಪಡೆದು ನೆಲವಿಲ್ಲದ ಪೌರರಿಗೆ ಹಂಚಬೇಕು, ಇಷ್ಟೇ. ಯಾರ ಸ್ವಂತ ಆಸ್ತಿಯನ್ನೂ ಅವನು ಮುಟ್ಟಲಿಲ್ಲ. ಲೋಕಕ್ಕೆ ಒಡೆಯರೆನಿಸಿಕೊಂಡವರಿಗೆ ತಮ್ಮದೆಂದು ಹೇಳಿಕೊಳ್ಳಲು ಒಂದು ಹೆಂಟೆ ಮಣ್ಣೂ ಇಲ್ಲವಲ್ಲಾ ಎಂದು ಅವನು ಮರುಗಿದುದನ್ನು ಪ್ಲುಟಾರ್ಕನು ನಮಗೆ ತಿಳಿಸಿದ್ದಾನೆ.

ಭೂಮಾಲಿಕರು ಆಕ್ಟೇವಿಯಸ್ ಎಂಬ ಇನ್ನೊಬ್ಬ ಟ್ರಿಬ್ಯೂನನನ್ನು ಎತ್ತಿಕಟ್ಟಿ ಮಸೂದೆಯನ್ನು ತಡೆಯಿಸಿದರು. ಬಡವರನ್ನು ರಕ್ಷಿಸಲು ಹುಟ್ಟಿದ ಅಧಿಕಾರವು ಬಡವರ ಮೇಲೆಯೇ ತಿರುಗಿಬಿದ್ದುದು, ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಟೈಬೀರಿಯಸನು ಜನರ ಮತದಿಂದ ಆ ಟ್ರಿಬ್ಯೂನನನ್ನು ಪದಚ್ಯುತಗೊಳಿಸಿದನು. ಇದು ಹಿಂದೆ ನಡೆಯದಿದ್ದ ಕಾರ್ಯ. ಮರ್ಯಾದೆಯ ಗೆರೆಯನ್ನು ಮೊದಲು ದಾಟಿದವನು ಅವನೇ ಎಂಬುದನ್ನು ನಾವು ಮರೆಮಾಚಲಾಗದು. ಆದರೆ ಅವನು ದಾಟಿದುದು ಮತದಿಂದ. ಎದುರಾಳಿಗಳು ದಾಟಿದುದು ದೊಣ್ಣೆಯಿಂದ. ಅವನು ಎರಡನೆಯ ವರ್ಷದ ಚುನಾವಣೆಗೆ ನಿಂತ ದಿನ, ಪ್ರಧಾನ ಪುರೋಹಿತನಾದ ಸಿಪಿಯೋ ನಾಸಿಕನೇ ಸೆನೆಟ್ಟಿನವರನ್ನು ಮುಂದುಮಾಡಿಕೊಂಡು ಹೊರಟನು. ಮುರಿದ ಪೀಠಗಳ ಕಾಲುಗಳನ್ನೂ ದೊಣ್ಣೆಗಳನ್ನೂ ಹಿಡಿದು ಬಂದ ಆ ಗೌರವಸ್ಥರು, ಯಾರ ಶರೀರವನ್ನು ಮುಟ್ಟುವುದು ದೇವದ್ರೋಹವಾಗಿದ್ದಿತೋ ಅವನನ್ನು ಬಡಿದು ಕೊಂದರು. ಅವನೊಡನೆ 300 ಕ್ಕೂ ಹೆಚ್ಚು ಜನರು ಸತ್ತರು. ಹೆಣಗಳನ್ನು ರಾತ್ರಿಯಲ್ಲಿ ಟೈಬರ್ ನದಿಗೆ ಎಸೆದರು. ಪವಿತ್ರಗಿರಿಯ ದಿನಗಳಿಂದ ವರ್ಗಕಲಹವನ್ನು ಮಾತಿನಿಂದ ತೀರಿಸಿಕೊಂಡು ಬಂದಿದ್ದ ನಗರದಲ್ಲಿ ಅಂದು ರಕ್ತವು ತೀರ್ಪು ಹೇಳಿತು.

ಒಂದು ಸಲ ಕೆಲಸಮಾಡಿದ ದೊಣ್ಣೆಯು ಮೂಲೆಯಲ್ಲಿ ಸುಮ್ಮನೆ ನಿಲ್ಲುವುದೇ? ತಮ್ಮನಾದ ಗೇಯಸ್ ಗ್ರಾಕಸನು 123 ಮತ್ತು 122 ರಲ್ಲಿ ಟ್ರಿಬ್ಯೂನನಾಗಿ ಅಣ್ಣನ ಕಾರ್ಯವನ್ನು ಮುಂದುವರಿಸಿದನು. 121 ರಲ್ಲಿ ರಾಜ್ಯಕ್ಕೆ ಕೇಡು ಬಾರದಂತೆ ಕಾನ್ಸಲನು ನೋಡಿಕೊಳ್ಳತಕ್ಕದ್ದೆಂದು ಸೆನೆಟ್ ಒಂದು ನಿರ್ಣಯವನ್ನು ಮಾಡಿತು. ಆ ನಯವಾದ ಮಾತಿನ ಮರೆಯಲ್ಲಿ ಗೇಯಸನೂ ಅವನ ಪಕ್ಷದವರೂ ಅಳಿದರು. ಸತ್ತವರು 3,000 ಎಂದು ಪ್ಲುಟಾರ್ಕನ ಲೆಕ್ಕ. ಈ ಕೊಲೆಯನ್ನು ನಡೆಯಿಸಿದ ಕಾನ್ಸಲ್ ಆಪಿಮಿಯಸನು ಆಮೇಲೆ ಕಟ್ಟಿಸಿದುದೇನು? ಐಕಮತ್ಯದೇವಿಯ ಗುಡಿ! ಐಕಮತ್ಯವು ಮನಸ್ಸಿನಿಂದ ಹೊರಟುಹೋದ ಮೇಲೆ ಅದಕ್ಕೆ ಕಲ್ಲಿನ ಗುಡಿಯನ್ನು ಕಟ್ಟುವುದು ಸುಲಭ.

ಇಟಲಿಯ ಮಿತ್ರಜನಗಳ ಕಥೆಯೂ ಇಂತಹುದೇ. ರೋಮಿನ ಯುದ್ಧಗಳಲ್ಲಿ ಅವರು ಸಮಸಮವಾಗಿ ಪ್ರಾಣವನ್ನು ಕೊಟ್ಟರು. ಪೌರತ್ವವನ್ನು ಕೇಳಿದಾಗ ಮಾತ್ರ ಅವರು ಪರಕೀಯರಾದರು. ಅವರ ಪರವಾಗಿ ನಿಂತ ಟ್ರಿಬ್ಯೂನ್ ಲಿವಿಯಸ್ ಡ್ರೂಸಸನು 91 ರಲ್ಲಿ ತನ್ನ ಮನೆಯಲ್ಲಿಯೇ ಕೊಲೆಯಾದನು. ಮಿತ್ರರು ಆಯುಧವನ್ನು ಹಿಡಿದರು. ಸಾವಿರಾರು ಜನರು ಸತ್ತ ಮೇಲೆ, 90 ರಲ್ಲಿ, ನಿರಾಕರಿಸಿದ್ದ ಪೌರತ್ವವನ್ನೇ ರೋಮನರು ಕೊಡತೊಡಗಿದರು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಅಷ್ಟರಲ್ಲಿ ಇನ್ನೊಂದು ಬದಲಾವಣೆಯು ಸದ್ದಿಲ್ಲದೆ ನಡೆದಿದ್ದಿತು. ಸೈನಿಕನಿಗೆ ಸ್ವಲ್ಪವಾದರೂ ಆಸ್ತಿಯಿರಬೇಕೆಂಬುದು ಹಳೆಯ ನಿಯಮ. 107 ರಲ್ಲಿ ಕಾನ್ಸಲ್ ಮೇರಿಯಸನು ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡನು. ಇಂತಹ ಸೈನಿಕನು ಸೇವೆಯಿಂದ ಬಿಡುಗಡೆಯಾದ ಮೇಲೆ ಬಾಳುವುದೆಲ್ಲಿ? ಅವನಿಗೆ ನೆಲವನ್ನು ಕೊಡುವ ಹೊಣೆಯನ್ನು ಸೆನೆಟ್ ಹೊರಲಿಲ್ಲ. ಆದುದರಿಂದ ಅವನು ತನ್ನ ಸೇನಾಪತಿಯ ಮುಖವನ್ನು ನೋಡತೊಡಗಿದನು. 88 ರಲ್ಲಿ ಸಲ್ಲನೆಂಬ ಸೇನಾಪತಿಯು ರೋಮಿನ ಸೈನ್ಯವನ್ನು ರೋಮಿನ ಮೇಲೆಯೇ ನಡೆಯಿಸಿದನು. ಅವನ ಮೇಲ್ತರಗತಿಯ ಅಧಿಕಾರಿಗಳಲ್ಲಿ ಒಬ್ಬನ ಹೊರತು ಮಿಕ್ಕವರೆಲ್ಲರೂ ಈ ಪಾಪಕ್ಕೆ ಹೇಸಿ ಅವನನ್ನು ಬಿಟ್ಟುಹೋದರು. ಸಾಮಾನ್ಯ ಸೈನಿಕರು ಹೇಸಲಿಲ್ಲ. ಅವರು ಏತಕ್ಕೆ ಹೇಸಬೇಕು? ಗಣರಾಜ್ಯದಲ್ಲಿ ಅವರದೆಂಬುದು ಏನಿದ್ದಿತು? 82 ರಲ್ಲಿ ಅದೇ ಸಲ್ಲನು ಮತ್ತೆ ನಗರವನ್ನು ಹಿಡಿದು, ಕೊಲ್ಲತಕ್ಕವರ ಹೆಸರುಗಳನ್ನು ಹಲಗೆಗಳ ಮೇಲೆ ಬರೆಯಿಸಿ ನಿಲ್ಲಿಸಿದನು. ಮೊದಲು 80 ಹೆಸರುಗಳು; ಒಂದು ದಿನ ಬಿಟ್ಟು 220; ಮಾರನೆಯ ದಿನ ಇನ್ನೂ ಅಷ್ಟೇ. ಹೀಗೆ ಸೂರೆಯಾದ ಭೂಮಿಯಲ್ಲಿ ತನ್ನ ಸೈನಿಕರನ್ನು ನೆಲೆಗೊಳಿಸಿದನು. ಗ್ರಾಕಸನು ಕಾನೂನಿನಿಂದ ಕೊಡಿಸಹೊರಟ ಭೂಮಿಯನ್ನು ದೊಡ್ಡವರು ಬಿಟ್ಟುಕೊಡಲಿಲ್ಲ. ಸಲ್ಲನ ಕತ್ತಿಯು ಅವರಲ್ಲಿ ಅನೇಕರಿಂದ ಭೂಮಿಯನ್ನೂ ತಲೆಯನ್ನೂ ಒಟ್ಟಿಗೆ ಪಡೆಯಿತು.

ಮುಂದಿನದು ವೇಗವಾಗಿ ನಡೆಯಿತು. ಮತವು ಸಂತೆಯ ಸರಕಾಯಿತು. 54 ರ ಚುನಾವಣೆಯಲ್ಲಿ ಲಂಚಕ್ಕಾಗಿ ಎಷ್ಟು ಸಾಲವೆತ್ತಿದರೆಂದರೆ ನಗರದಲ್ಲಿ ಬಡ್ಡಿಯ ದರವು ವರ್ಷಕ್ಕೆ ನೂರಕ್ಕೆ 4 ರಿಂದ 8 ಕ್ಕೆ ಏರಿತೆಂಬುದು ಸಿಸಿರೋವಿನ ಪತ್ರದಿಂದ ತಿಳಿದುಬರುತ್ತದೆ. 49 ರಲ್ಲಿ ಸೀಸರನು ರೂಬಿಕನ್ ಹೊಳೆಯನ್ನು ದಾಟಿದಾಗ ಅವನು ಹೇಳಿಕೊಂಡ ಕಾರಣಗಳಲ್ಲಿ ಟ್ರಿಬ್ಯೂನರ ಹಕ್ಕಿನ ರಕ್ಷಣೆಯೂ ಒಂದು! 44 ರಲ್ಲಿ ಅವನು ಆಜೀವ ಸರ್ವಾಧಿಕಾರಿಯಾದನು. ರೋಮಿನ ಟಂಕಸಾಲೆಯಲ್ಲಿ ಜೀವಂತನಾದ ಪೌರನ ಮುಖವು ನಾಣ್ಯದ ಮೇಲೆ ಅಚ್ಚಾದುದು ಆಗಲೇ. ಅದೇ ವರ್ಷದ ಮಾರ್ಚ್ 15 ರಂದು ಸ್ವಾತಂತ್ರ್ಯದ ಹೆಸರಿನಲ್ಲಿ ಅವನನ್ನು ಕೊಂದರು. ಕೊಂದವರ ಮುಖಂಡನಾದ ಬ್ರೂಟಸನು ಆ ಬಳಿಕ ತಾನೂ ನಾಣ್ಯವನ್ನು ಹೊಡೆಯಿಸಿದನು. ಅದರ ಒಂದು ಮಗ್ಗುಲಲ್ಲಿ ಎರಡು ಕಠಾರಿಗಳ ನಡುವೆ ಸ್ವಾತಂತ್ರ್ಯದ ಟೊಪ್ಪಿಗೆ. ಮತ್ತೊಂದು ಮಗ್ಗುಲಲ್ಲಿ ಬ್ರೂಟಸನದೇ ಮುಖ! ವ್ಯಕ್ತಿಯನ್ನು ಕೊಲ್ಲುವುದರಿಂದ ವ್ಯಕ್ತಿಪೂಜೆಯು ಸಾಯುವುದಿಲ್ಲವೆಂಬುದಕ್ಕೆ ಬೇರೆ ಪ್ರಮಾಣವು ಬೇಕೆ?

ಕಡೆಗೆ ಕ್ರಿ. ಪೂ. 27 ರಲ್ಲಿ ಸೀಸರನ ದತ್ತುಪುತ್ರನಾದ ಆಕ್ಟೇವಿಯನನು ಗಣರಾಜ್ಯವನ್ನು ಸೆನೆಟ್ಟಿಗೂ ಜನರಿಗೂ ಹಿಂದಕ್ಕೆ ಒಪ್ಪಿಸಿದೆನೆಂದು ಸಾರಿ ಅಗಸ್ಟಸ್ ಎಂಬ ಬಿರುದನ್ನು ಪಡೆದನು. ಕಾನ್ಸಲರು ಇದ್ದರು, ಸೆನೆಟ್ ಇದ್ದಿತು, ಚುನಾವಣೆಯೂ ನಡೆಯಿತು. 23 ರಲ್ಲಿ ಅವನು ತನಗೆ ಸೇರಿಸಿಕೊಂಡ ಅಧಿಕಾರವಾವುದೆಂಬುದನ್ನು ವಾಚಕರು ಗಮನಿಸಬೇಕು: ಟ್ರಿಬ್ಯೂನನ ಅಧಿಕಾರ. ಪವಿತ್ರಗಿರಿಯ ಮೇಲೆ ಬರಿಗೈಯ ಜನರು ದೊಡ್ಡವರ ದರ್ಪವನ್ನು ತಡೆಯಲು ಸಂಪಾದಿಸಿದ ಆಯುಧವು ಚಕ್ರವರ್ತಿಯ ಕೈಯ ದಂಡವಾಯಿತು. ಅವನ ಉತ್ತರಾಧಿಕಾರಿಯಾದ ಟೈಬೀರಿಯಸನು ಕ್ರಿ. ಶ. 14 ರಲ್ಲಿ ಅಧಿಕಾರಿಗಳ ಚುನಾವಣೆಯನ್ನು ಜನರ ಸಭೆಯಿಂದ ಸೆನೆಟ್ಟಿಗೆ ವರ್ಗಾಯಿಸಿದಾಗ ಜನರು ಸ್ವಲ್ಪ ಗೊಣಗಿ ಸುಮ್ಮನಾದರು. ಈ ಟೈಬೀರಿಯಸನ ಬೆಳ್ಳಿಯ ನಾಣ್ಯವು ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿಯೂ ದೊರೆತಿದೆ. ವ್ಯಾಪಾರಿಗಳು ತಂದ ಆ ನಾಣ್ಯದ ಮೇಲೆ ಇರುವುದು ಒಬ್ಬ ಮನುಷ್ಯನ ಮುಖ. ರೋಮಿನ ಕೀರ್ತಿಯು ಕನ್ನಡನಾಡಿನವರೆಗೆ ಬಂದಾಗ ರೋಮಿನ ಸ್ವಾತಂತ್ರ್ಯವು ಆಗಲೇ ಸತ್ತಿದ್ದಿತು.

ರಾಜ್ಯವು ಅತಿಯಾಗಿ ಬೆಳೆದುದರಿಂದ ಒಂದು ಊರಿಗಾಗಿ ಮಾಡಿದ ವ್ಯವಸ್ಥೆಯು ಅದನ್ನು ಹೊರಲಾರದೆ ಕುಸಿಯಿತೆಂದು ಪಂಡಿತರು ವಾದಿಸುವರು. ಈ ವಾದದಲ್ಲಿ ಸತ್ಯಾಂಶವುಂಟು. ಆದರೆ ವ್ಯವಸ್ಥೆಯನ್ನು ಹಿಗ್ಗಿಸಬೇಕೆಂದು ಹೇಳಿದವರು ಇರಲಿಲ್ಲವೆ? ಗ್ರಾಕಸ್ ಸೋದರರು ಹೇಳಿದರು, ಡ್ರೂಸಸನು ಹೇಳಿದನು. ಮೂವರನ್ನೂ ಕೊಂದರು. ಹಿಗ್ಗದಂತೆ ಕಟ್ಟಿಹಾಕಿ, ಹರಿದುಹೋಯಿತೆಂದು ಬಟ್ಟೆಯನ್ನು ದೂರುವುದು ನ್ಯಾಯವಲ್ಲ.

ನಾವು ಈ ಹಳೆಯ ಕಥೆಯನ್ನು ಇಷ್ಟು ವಿಸ್ತರಿಸಿದುದು ಪಾಂಡಿತ್ಯವನ್ನು ತೋರಲೆಂದಲ್ಲ. 1950 ರ ಜನವರಿ 26 ರಿಂದ ನಾವೂ ಗಣರಾಜ್ಯದ ಪೌರರು. ನಮ್ಮಲ್ಲಿ ಮತವು ಧನವನ್ನು ನೋಡಿ ಹಂಚಲ್ಪಟ್ಟಿಲ್ಲ. ಸ್ತ್ರೀಪುರುಷರೆಂಬ ಭೇದವೂ ಅದಕ್ಕಿಲ್ಲ. ರೋಮು ತನ್ನ ಉಚ್ಛ್ರಾಯದಲ್ಲಿಯೂ ಕೊಡದಿದ್ದುದನ್ನು ನಮ್ಮವರು ಮೊದಲ ದಿನವೇ ಕೊಟ್ಟರು. ಆದರೆ ಗಣರಾಜ್ಯವನ್ನು ಕಾಯುವುದು ಶಾಸನದ ಹಾಳೆಯೊಂದೇ ಅಲ್ಲ. ದುರ್ಬಲನ ಮೊರೆಗೆ ಹೊತ್ತಿನಲ್ಲಿ ಕಿವಿಗೊಡುವ ಬುದ್ಧಿಯು ಬಲ್ಲಿದರಲ್ಲಿ ಇರಬೇಕು. ತನ್ನ ಕಾರ್ಯವು ಎಷ್ಟೇ ಒಳ್ಳೆಯದಾಗಿದ್ದರೂ ಮರ್ಯಾದೆಯ ಗೆರೆಯನ್ನು ದಾಟಕೂಡದೆಂಬ ಸಂಯಮವು ಎಲ್ಲ ಪಕ್ಷಗಳಲ್ಲಿಯೂ ಇರಬೇಕು. ರೋಮಿನಲ್ಲಿ ಮೊದಲನೆಯದು ಹೋಯಿತು. ಎರಡನೆಯದು ಅದರ ಬೆನ್ನಹಿಂದೆಯೇ ಹೋಯಿತು. ಉಳಿದುದು ಹೆಸರು ಮಾತ್ರ. ಟ್ರಿಬ್ಯೂನನ ಮನೆಯ ಬಾಗಿಲು ನೊಂದವರಿಗೆ ಎಂದು ಮುಚ್ಚಿತೋ ಅಂದೇ ಸೇನಾಪತಿಯ ಗುಡಾರದ ಬಾಗಿಲು ತೆರೆಯಿತು. ತೆರೆದಿರತಕ್ಕ ಬಾಗಿಲು ಯಾವುದೆಂಬುದನ್ನು ಪ್ರತಿಯೊಂದು ಗಣರಾಜ್ಯವೂ ತಾನೇ ನಿಶ್ಚಯಿಸಬೇಕಾಗಿದೆ.